ಇಟ್ಟುಕೊಳ್ಳುವುದು, ಉಳಿದುಕೊಳ್ಳುವುದು

ನನ್ನ ಗಂಡನ ಸಾವಿನ ಮಾತಿನಿಂದಲೇ ನನ್ನ ಸ್ಪ್ಯಾನಿಷ್ ವ್ಯಾಕರಣದ ಮೊದಲ ಪಾಠ ಆರಂಭವಾಯಿತು. ಕೇಳಿದವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಆಗ ರಾಯದುರ್ಗಕ್ಕೆ ರೈಲು ಬಂದು ಕೆಲವೇ ವರ್ಷಗಳಾಗಿದ್ದವು. ನಾನು ಮೊಳಕಾಲ್ಮೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ತವರು ಚಳ್ಳಕೆರೆ. ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಮದುವೆ ಮಾಡಿದರು, ಹನ್ನೊಂದಕ್ಕೆ ವಿಧವೆಯಾದೆ. ಮದುವೆ ಮಾಡಿ ತಪ್ಪು ಮಾಡಿದ ಅಪ್ಪನೇ, ಆ ತಪ್ಪಿನ ಪಶ್ಚಾತ್ತಾಪದಿಂದ, ನನ್ನನ್ನು ಬೆಂಗಳೂರಿನ ಒಂದು ಶಾಲೆಗೆ ಸೇರಿಸಿದರು. ಅನ್ಯಾಯವನ್ನು ಅನ್ಯಾಯವೆಂದೇ ಹೆಸರಿಟ್ಟು ಕರೆಯಬೇಕೆಂದು ನನಗೆ ಕಲಿಸಿದ್ದು ಆ ಶಾಲೆ. ಅಪ್ಪ ಹೋದ ಮೇಲೆ ನನ್ನ ಹೊಣೆ ಚಳ್ಳಕೆರೆಯಲ್ಲಿ ವಕೀಲಿ ಮಾಡುತ್ತಿದ್ದ ಅಣ್ಣನದಾಯಿತು. ಕೆಲಸದ ಹುಕುಂ ನನ್ನ ಹೆಸರಿಗೆ ಬಂದಿತ್ತು, ಆದರೆ ಅದರ ಕೆಳಗಿನ ಒಪ್ಪಿಗೆಯ ರುಜು ಅವನದು. ಇಪ್ಪತ್ತನಾಲ್ಕು ವರ್ಷದ, ನಾಲ್ಕು ತರಗತಿಗಳಿಗೆ ಪಾಠ ಹೇಳುವ ಹೆಂಗಸು ತನ್ನ ಕೆಲಸಕ್ಕೆ ತಾನೇ ಒಪ್ಪಿಗೆ ಕೊಡಲಾರಳೆಂದು ಸರ್ಕಾರವೂ ನಂಬಿತ್ತು, ಮನೆಯೂ ನಂಬಿತ್ತು.

ಆ ವರ್ಷ ಊರ ಹೊರಗಿನ ಸರ್ಕಾರಿ ಬಂಗಲೆಯಲ್ಲಿ ಒಬ್ಬ ದೊರೆ ಮತ್ತು ದೊರೆಸಾನಿ ಬಂದು ಇಳಿದರು. ದೊರೆ ಇಂಗ್ಲಿಷಿನವರು, ಹತ್ತಿರದ ಸಿದ್ದಾಪುರದ ಕಡೆಯ ಗುಡ್ಡಗಳಲ್ಲಿ ಅದಿರು ಹುಡುಕುವುದು ಅವರ ಉದ್ಯೋಗ. ದೊರೆಸಾನಿ ಸ್ಪೇನ್ ದೇಶದವರು. ಗಂಡ ಬಂಡೆಗಳ ನಡುವೆ ಅಲೆಯುತ್ತಿದ್ದಾಗ ಆಕೆ ಹಗಲೆಲ್ಲ ಒಬ್ಬರೇ ಜಗುಲಿಯಲ್ಲಿ ಕುಳಿತು ಬೇಸತ್ತು, ಕನ್ನಡ ಕಲಿಯಬೇಕೆಂದು ಅಮಲ್ದಾರರಿಗೆ ಹೇಳಿಕಳುಹಿಸಿದರು. ಇಂಗ್ಲಿಷ್ ಬಲ್ಲ ಹೆಂಗಸು ಊರಿನಲ್ಲಿ ನಾನೊಬ್ಬಳೇ. ಸಂಬಳದ ಬದಲು ನನಗೆ ನಿಮ್ಮ ಭಾಷೆಯನ್ನು ಕಲಿಸಿರಿ ಎಂದೆ. ಆಕೆಗೆ ಆಶ್ಚರ್ಯವಾಯಿತು. ಇಂಗ್ಲಿಷ್ ಸಾಲದೇ ಎಂದು ಕೇಳಿದರು. ಇಂಗ್ಲಿಷ್ ಅಣ್ಣನಿಗೂ ಬರುತ್ತಿತ್ತು. ಅಣ್ಣನಿಗೆ ಬಾರದ ಒಂದು ಭಾಷೆ ನನಗೆ ಬೇಕಾಗಿತ್ತು. ಅದನ್ನು ಆಕೆಗೆ ಹೇಳಲಿಲ್ಲ.

ಮೊದಲ ದಿನ ಆಕೆ ನನ್ನ ಬರಿಯ ಹಣೆಯನ್ನು ನೋಡಿ, ಗಂಡನೆಲ್ಲಿ ಎಂದು ಕೇಳಿದರು. ನಾನು ಕನ್ನಡದಲ್ಲಿಯೇ, "ತೀರಿಕೊಂಡರು" ಎಂದೆ. ಆಕೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ತೀರು ಎಂದರೆ ಮುಗಿಯುವುದೆಂದು ತಿಳಿದ ಮೇಲೆ, ಹಿಂದಿನ ಬಾಲವೇನೆಂದು ಕೇಳಿದರು. ನಾನು ಹೇಳಿದೆ: ಕೊಳ್ಳು ಎಂದರೆ ತೆಗೆದುಕೊಳ್ಳುವುದು, ಅದನ್ನು ಇನ್ನೊಂದು ಕ್ರಿಯೆಯ ಬೆನ್ನಿಗೆ ಕಟ್ಟಿದರೆ, ಮಾಡಿದ್ದರ ಫಲ ಮಾಡಿದವರಿಗೇ ಹಿಂತಿರುಗಿ ಬಂದು ಸೇರುತ್ತದೆ. ಆಕೆ ಎರಡೂ ಕೈಗಳನ್ನು ತಟ್ಟಿದರು.

"ನಮ್ಮಲ್ಲೂ ಹೀಗೆಯೇ! ನಾವು ಸೆ ಮುರಿಯೊ ಎನ್ನುತ್ತೇವೆ. ಸತ್ತವನು ತನಗೆ ತಾನೇ ಸತ್ತ ಎಂದಂತೆ."

ಎರಡು ಸಮುದ್ರಗಳಾಚೆಯ ಭಾಷೆಯೂ ಸಾವಿನ ಹೊಣೆಯನ್ನು ಸತ್ತವನ ಮೇಲೆಯೇ ಹೊರಿಸುತ್ತದೆಂದು ತಿಳಿದು ನನಗೆ ನಗು ಬಂತು. ಗಂಡ ಸತ್ತ ಸುದ್ದಿ ಹೇಳಿ ನಕ್ಕಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ನಮ್ಮ ಪಾಠಗಳೆಲ್ಲ ಜೋಡಿ ಜೋಡಿಯಾಗಿ ನಡೆದವು. ತೊಳೆ, ತೊಳೆದುಕೊ. ಮಲಗು, ಮಲಗಿಕೊ. ಉಳಿ, ಉಳಿದುಕೊ. ನಮ್ಮ ಕೊಳ್ಳು ಬರುವಲ್ಲೆಲ್ಲ ಅವರ ಆ ಚಿಕ್ಕ ಪದ ಬರುತ್ತಿತ್ತು. ಆದರೆ ಒಂದು ಭೇದವಿತ್ತು, ಅದರಲ್ಲಿ ನಾನು ತಿಂಗಳುಗಟ್ಟಲೆ ಎಡವಿದೆ. ಯಾರು ಮಾಡಿದರೂ ನಮ್ಮ ಕೊಳ್ಳು ಕೊಳ್ಳುವೇ. ಅವರಲ್ಲಿ ನಾನಾದರೆ ಮೆ, ನೀನಾದರೆ ತೆ, ಅವನೋ ಅವಳೋ ಆದರೆ ಸೆ. ನಾನು ಕನ್ನಡದ ಅಭ್ಯಾಸದಂತೆ ಎಲ್ಲದಕ್ಕೂ ಸೆ ಸೇರಿಸಿ, 'ನಾನು ತನ್ನನ್ನು ತೊಳೆದುಕೊಳ್ಳುತ್ತೇನೆ' ಎಂಬಂತಹ ವಾಕ್ಯಗಳನ್ನು ಕಟ್ಟಿ ಆಕೆಯನ್ನು ನಗಿಸುತ್ತಿದ್ದೆ.

ಇನ್ನೊಂದು ಸೂಕ್ಷ್ಮವನ್ನು ಆಕೆ ಬಹಳ ಶ್ರದ್ಧೆಯಿಂದ ಕಲಿಸಿದರು. ಮೆ ಲಾವೊ ಎಂದರೆ ನನ್ನನ್ನು ನಾನೇ ತೊಳೆದುಕೊಳ್ಳುತ್ತೇನೆ. ಮೆ ಲಾವನ್ ಎಂದರೆ ಬೇರೆಯವರು ನನ್ನನ್ನು ತೊಳೆಯುತ್ತಾರೆ. ಮೆ ಎಂಬುದು ಎರಡರಲ್ಲೂ ಒಂದೇ. ಕರ್ತೃ ಯಾರೆಂಬುದು ಕ್ರಿಯಾಪದದ ತುದಿಯಲ್ಲಿ ಮಾತ್ರ ತಿಳಿಯುತ್ತದೆ. ಒಮ್ಮೆ ಮದುವೆಯ ಮಾತು ಬಂತು. ಅವರಲ್ಲಿ ಹೆಂಗಸು ಕೂಡ ಮೆ ಕಸೆ, ನಾನು ಮದುವೆ ಮಾಡಿಕೊಂಡೆ, ಎನ್ನುತ್ತಾಳಂತೆ. ನಮ್ಮಲ್ಲಿ ಗಂಡಸು ಮಾಡಿಕೊಳ್ಳುತ್ತಾನೆ, ಹೆಣ್ಣನ್ನು ಮಾಡಿಕೊಡುತ್ತಾರೆ. ಹಾಗಾದರೆ ನನ್ನ ಮದುವೆಯನ್ನು ಹೇಗೆ ಹೇಳಲಿ ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ತುದಿಯನ್ನು ಬದಲಿಸಿ, "ಮೆ ಕಸಾರೊನ್" ಎಂದರು. ಅವರು ನನಗೆ ಮದುವೆ ಮಾಡಿದರು. ಅದನ್ನು ಬರೆದುಕೊಂಡೆ. ನನ್ನ ಬಾಲ್ಯಕ್ಕೆ ಆದದ್ದನ್ನು ಇಷ್ಟು ಸ್ವಚ್ಛವಾಗಿ ಯಾರೂ ಅದುವರೆಗೆ ಹೇಳಿರಲಿಲ್ಲ.

ಅಂದಿನಿಂದ ಕರ್ತೃವನ್ನು ಹುಡುಕುವ ಹುಚ್ಚು ನನಗೆ ಹತ್ತಿತು. ನಾನಿದ್ದ ಕೋಣೆ ಒಂದು ನೇಕಾರರ ಮನೆಯ ಹಿಂಭಾಗದಲ್ಲಿತ್ತು. ಆ ಮನೆಯಾಕೆ ತೆಲುಗಿನವಳು, ಉಪಾಧ್ಯಾಯಿನಿಯಾದ ನನ್ನನ್ನು ಪಂತುಲಮ್ಮ ಎಂದು ಕರೆಯುತ್ತಿದ್ದಳು. ರೇಷ್ಮೆ ಕಾಯಿಸಿ ಬಣ್ಣ ಹಾಕುವುದು, ನೂಲು ಸುತ್ತುವುದು, ಕಡಿದ ಎಳೆ ಜೋಡಿಸುವುದು ಎಲ್ಲ ಅವಳೇ. ಮಗ್ಗದಲ್ಲಿ ಕೂರುತ್ತಿದ್ದವನು ಗಂಡ. ಈ ಸೀರೆ ಯಾರು ಮಾಡಿದ್ದೆಂದು ಕೇಳಿದರೆ, ಗಂಡನ ಕಡೆ ಕೈತೋರಿ, "ಮಾ ಆಯನ ನೇಯ್ದಿದ್ದು ತಾಯಿ, ನಾನು ಸುಮ್ನೆ ಕೂತಿರ್ತೀನಿ" ಎನ್ನುತ್ತಿದ್ದಳು. ಇದು ಅನ್ಯಾಯ. ನನ್ನ ಶಾಲೆಯಲ್ಲಿಯೇ ಊರಾಚೆಯ ಕೇರಿಯ ಮೂವರು ಹುಡುಗಿಯರು ಜಗುಲಿಯ ಕೆಳಗೆ, ಬಿಸಿಲಿನಲ್ಲಿ ಕುಳಿತು ಪಾಠ ಕೇಳುತ್ತಿದ್ದರು. 'ಅವರೇ ಅಲ್ಲಿ ಕೂತುಕೊಳ್ಳುತ್ತಾರೆ' ಎಂದು ತಪಾಸಣೆಗೆ ಬಂದ ಅಧಿಕಾರಿಗೆ ಹೇಳಿದವಳು ನಾನೇ. ಅದು ಅನ್ಯಾಯವಷ್ಟೇ ಅಲ್ಲ, ಸುಳ್ಳು. ಮುಂದೆ ಎಷ್ಟೋ ಸಭೆಗಳಲ್ಲಿ ಎಷ್ಟೋ ಜನರ ತಪ್ಪುಗಳನ್ನು ಎತ್ತಿ ಹೇಳಿದ್ದೇನೆ. ಇದನ್ನು ಮಾತ್ರ ಈಗಲೇ ಹೇಳುತ್ತಿರುವುದು.

ನನ್ನ ಇನ್ನೊಂದು ತಪ್ಪು ಒಂದು ಮಧ್ಯಾಹ್ನದ ಪಾಠದಲ್ಲಿ ನಡೆಯಿತು. ಅಂದು ಇಡು ಎಂಬ ಕ್ರಿಯೆಯ ಸರದಿ. "ಹೂಜಿಯನ್ನು ಮೇಜಿನ ಮೇಲೆ ಇಡುತ್ತೇನೆ. ಈ ಸೀರೆಯನ್ನು ನಾನು ಇಟ್ಟುಕೊಳ್ಳುತ್ತೇನೆ" ಎಂದು ದೊರೆಸಾನಿ ಸರಿಯಾಗಿಯೇ ಹೇಳಿದರು. ಆಮೇಲೆ, "ಇದನ್ನು ಮನುಷ್ಯರಿಗೂ ಹೇಳಬಹುದೇ?" ಎಂದರು.

"ಹೇಳಬಹುದು, ಆದರೆ..." ಎಂದೆ.

ಬಾಗಿಲಲ್ಲಿ ಬಟ್ಲರ್ ಚಹಾದ ತಟ್ಟೆ ಹಿಡಿದು ನಿಂತಿದ್ದ. ಒಬ್ಬ ಗಂಡಸು ಒಬ್ಬ ಹೆಂಗಸನ್ನು 'ಇಟ್ಟುಕೊಂಡಿದ್ದಾನೆ' ಎಂದರೆ ನಮ್ಮಲ್ಲಿ ಏನರ್ಥವೆಂಬುದನ್ನು, ಅವನ ಎದುರಿಗೆ, ವಿಧವೆಯಾದ ನಾನು ಹೇಗೆ ಬಾಯಿಬಿಟ್ಟು ಹೇಳಲಿ? ಅನ್ಯಾಯಗಳಿಗೆಲ್ಲ ಹೆಸರು ಕೊಟ್ಟ ನನ್ನ ಬೆಂಗಳೂರಿನ ಶಾಲೆ ಈ ಒಂದು ಬಗೆಯ ಮಾತುಗಳಿಗೆ ಮಾತ್ರ ಬಾಯಿಗೆ ಬಟ್ಟೆ ಕಟ್ಟಿ ಕಳುಹಿಸಿತ್ತು. "ಆದರೆ" ಎಂಬುದರ ಮುಂದೆ ನಾನೇನೂ ಹೇಳಲಿಲ್ಲ. ಆಕೆ ಪುಸ್ತಕದಲ್ಲಿ ಸರಿ ಎಂದು ಗುರುತು ಹಾಕಿ ಹಾಳೆ ತಿರುವಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ದೊರೆಗೆ ಮದರಾಸಿಗೆ ಹಿಂತಿರುಗಲು ಅಪ್ಪಣೆ ಬಂತು. ದೊರೆಸಾನಿ ನನ್ನನ್ನು ಕೂರಿಸಿ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು. ಮದರಾಸಿನಲ್ಲಿ ಉಪಾಧ್ಯಾಯಿನಿಯರ ತರಬೇತಿ ಶಾಲೆಯಿದೆ. ನಾನು ಅವರ ಮನೆಯಲ್ಲಿದ್ದು ಒಂದು ವರ್ಷ ಅಲ್ಲಿ ಓದಬಹುದು, ಸಂಜೆ ಅವರ ಕನ್ನಡ ಮುಂದುವರಿಯುತ್ತದೆ. ತರಬೇತಿಯ ಸರ್ಟಿಫಿಕೇಟ್ ಇದ್ದರೆ ಹುಕುಂ ಬೇರೆ, ಊರು ಬೇರೆ. ಯಾರ ರುಜುವೂ ಬೇಕಾಗದ ಬದುಕು ಬೇರೆ. ನನಗೆ ಬೇಕಾಗಿದ್ದುದೆಲ್ಲ ಆ ಒಂದು ವರ್ಷದಲ್ಲಿತ್ತು. ನಡುವೆ ಉಳಿದದ್ದು ಅಣ್ಣನ ಒಪ್ಪಿಗೆ. ಅಣ್ಣನಿಗೆ ಬರೆದೆ. ದೊರೆಸಾನಿಯ ಬಾಯಿಂದಲೇ ಕೇಳಿ ನಿರ್ಧರಿಸುತ್ತೇನೆಂದು ಉತ್ತರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ಒಪ್ಪುವ ಮನಸ್ಸಿತ್ತೆಂದು ಇಂದಿಗೂ ನಂಬಿದ್ದೇನೆ.

ಅವನು ಗಾಡಿಯಲ್ಲಿ ಬಂದ ದಿನ ಜಗುಲಿಯಲ್ಲಿ ಬಟ್ಲರ್ ಇದ್ದ, ಸೀರೆಯ ಗಂಟು ಬಿಚ್ಚಿ ಕುಳಿತಿದ್ದ ಒಬ್ಬ ನೇಕಾರ ಇದ್ದ, ಅಣ್ಣನ ಗಾಡಿಯವನು ಮೆಟ್ಟಿಲ ಬಳಿ ನಿಂತಿದ್ದ. ಇಂಗ್ಲಿಷಿನಲ್ಲಿ ಮಾತನಾಡಬಹುದಾಗಿದ್ದ ದೊರೆಸಾನಿ, ನನ್ನ ಕಲಿಸುವಿಕೆಯ ಫಲವನ್ನು ಅಣ್ಣನಿಗೆ ತೋರಿಸಬೇಕೆಂಬ ಪ್ರೀತಿಯಿಂದ, ನನಗೂ ತಿಳಿಸದೆ ಕನ್ನಡದ ಮಾತುಗಳನ್ನು ಬಾಯಿಪಾಠ ಮಾಡಿದ್ದರು.

"ನಮಸ್ಕಾರ. ನಿಮ್ಮ ತಂಗಿ ಬಹಳ ಒಳ್ಳೆಯವರು," ಎಂದು ಆರಂಭಿಸಿದರು. ಅಣ್ಣನ ಮುಖ ಅರಳಿತು. "ನಾವು ಇವರನ್ನು ಮದರಾಸಿನಲ್ಲಿ ಇಟ್ಟುಕೊಳ್ಳುತ್ತೇವೆ." ವಾಕ್ಯ ಸರಿಯಾಯಿತೇ ಎಂದು ನನ್ನ ಕಡೆ ನೋಡಿ, ಇನ್ನೂ ಉತ್ಸಾಹದಿಂದ, "ನನ್ನ ಯಜಮಾನರಿಗೆ ಇಟ್ಟುಕೊಳ್ಳಲು ಬಹಳ ಇಷ್ಟ!" ಎಂದರು.

ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಮೊದಲು ನಕ್ಕವನು ಗಾಡಿಯವನು. ನಗು ತಡೆಯಲು ಹೋಗಿ ಕೆಮ್ಮಿದ. ನೇಕಾರ ತಲೆ ತಗ್ಗಿಸಿ ಸೀರೆ ಮಡಿಸುತ್ತ, ಬಟ್ಲರಿಗೆ ಕೇಳುವಂತೆ, "ಉಂಚುಕುಂಟಾರಂಟ!" ಎಂದ. ಆ ಮಾತಿಗೆ ತೆಲುಗಿನಲ್ಲೂ ಅದೇ ಬಾಲ, ಅದೇ ಅರ್ಥ. ಬಟ್ಲರ್ ತಟ್ಟೆಯೊಡನೆ ಒಳಗೆ ಓಡಿದ; ಒಳಗಿನಿಂದ ಅವನ ನಗು ಕೇಳಿಸಿತು. ದೊರೆಸಾನಿ ಸಂತೋಷದ ನಗುವೆಂದು ತಿಳಿದು ತಾವೂ ನಕ್ಕರು. ಅಣ್ಣ ಎದ್ದು ನಿಂತು, ಬಹಳ ಗೌರವದ ಇಂಗ್ಲಿಷಿನಲ್ಲಿ, ಮನೆಯಲ್ಲಿ ಯೋಚಿಸಿ ಕಾಗದ ಬರೆಯುತ್ತೇವೆಂದು ಹೇಳಿ, ನನಗೆ ಗಾಡಿಯನ್ನು ತೋರಿಸಿದ. ಆಕೆಗೆ ಒಂದು ಮಾತು ತಿಳಿಸಿ ಬರುತ್ತೇನೆಂದೆ. "ಹತ್ತು," ಎಂದ ಅಷ್ಟೆ.

ಗಾಡಿ ದಾರಿಯಲ್ಲಿನ ಹಾನಗಲ್ ಊರನ್ನು ದಾಟಿತು. ಆಮೇಲೆ ನಾನೇ ಮಾತು ಆರಂಭಿಸಿದೆ.

"ಅಣ್ಣಾ, ಆಕೆಗೆ ಆ ಮಾತಿನ ಇನ್ನೊಂದರ್ಥ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ನಂಗೂ ಗೊತ್ತೈತೆ. ನಾನೇನು ದಡ್ಡನಾ?"

"ಮತ್ತೆ ಯಾಕೆ ಹೀಗೆ ಕರ್ಕೊಂಡು ಹೋಗ್ತೀಯಾ?"

"ನಕ್ಕೋರಿಗೆ ಗೊತ್ತಿಲ್ವಲ್ಲೇ! ನಾಳೆ ಕಚೇರಿ ಕಟ್ಟೆ ಮ್ಯಾಲೆ 'ವಕೀಲ್ರ ತಂಗೀನ ದೊರೆ ಇಟ್ಕೊಂಡವ್ನಂತೆ' ಅಂದ್ರೆ, ನಾನು ಯಾವ ವ್ಯಾಕರಣದ ಪುಸ್ತಕ ತಗೊಂಡೋಗಿ ಅವ್ರಿಗೆ ತೋರಿಸ್ಲಿ?"

ಗಾಡಿಯವನ ಬೆನ್ನು ಅಲುಗುತ್ತಿತ್ತು. ಅಣ್ಣ, "ಏ, ಎತ್ತು ನೋಡ್ಕೊಂಡು ಹೊಡೀಲೇ!" ಎಂದು ಅವನ ಮೇಲೆ ಹರಿಹಾಯ್ದ.

ಅಣ್ಣನ ತಪ್ಪನ್ನು ನಾನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅವನು ಮೋಸಹೋದವನಲ್ಲ. ಮಾತಿನ ಅರ್ಥವೇನೆಂದು, ಆಡಿದವರ ಮನಸ್ಸೇನೆಂದು ಅವನಿಗೆ ನನ್ನಷ್ಟೇ ತಿಳಿದಿತ್ತು. ತಿಳಿದೂ, ಮೂರು ಜನರ ನಗುವಿಗಾಗಿ ನನ್ನ ಬದುಕನ್ನು ತೆತ್ತ. ಮನೆಯಲ್ಲಿ ಸುದ್ದಿ ಕೇಳಿದ ಅವ್ವನಾದರೋ ಅಷ್ಟು ದೂರವೂ ಹೋಗಲಿಲ್ಲ. "ಅಲ್ಲವ್ವ, ಕಲ್ಸಾಕೆ ನಿಂಗೆ ಬೇರೆ ಮಾತೇ ಸಿಗ್ಲಿಲ್ವಾ?" ಎಂದು ಹಣೆ ಚಚ್ಚಿಕೊಂಡಳು.

ಶಾಲೆಗೆ ಅಣ್ಣನೇ ರಾಜೀನಾಮೆ ಬರೆದ. ರುಜು ನನ್ನಿಂದ ಹಾಕಿಸಿದ. ಚಳ್ಳಕೆರೆಯ ಮನೆಯಲ್ಲಿ ನನಗೆ ಯಾರೂ ಬೀಗ ಹಾಕಲಿಲ್ಲ. ನಡುಮನೆಯ ಕಿಟಕಿಯಿಂದ ಕಂಬಳಿ ಹೊತ್ತು ಸಂತೆಗೆ ಹೋಗುವವರನ್ನು ನೋಡಬಹುದಾಗಿತ್ತು. ಬಾಗಿಲು ದಾಟಿದರೆ, "ಎಲ್ಲಿಗೆ?" ಎಂದು ಕೇಳುತ್ತಿದ್ದರು. ನನಗೆ ಹೋಗಬೇಕಾಗಿದ್ದ ಜಾಗ ಅವರಿಗೆಲ್ಲ ಗೊತ್ತಿತ್ತು; ನಾನು ಹೊಸಿಲಿನಿಂದಲೇ ಹಿಂತಿರುಗುತ್ತಿದ್ದೆ. ಕಾಲಿಗೆ ಹಗ್ಗವಿದ್ದರೆ ಅದನ್ನು ಎಳೆದಾದರೂ ನೋಡಬಹುದು, ಇದು ಅಂತಹುದಲ್ಲ. ನೆರೆಮನೆಯ ಹೆಂಗಸರು ಬಂದು, "ಯಾಕವ್ವ, ಕೆಲ್ಸ ಬಿಟ್ಬಿಟ್ಯಂತೆ?" ಎನ್ನುವರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಅವ್ವ, "ಅವ್ಳೇ ಸಾಕು ಅಂತ ಉಳ್ಕೊಂಡ್ಳು ಕಣ್ರಿ" ಎನ್ನುವಳು. ಉಳ್ಕೊಂಡ್ಳು. ಬಂದಿಳಿದ ಗಾಡಿ, ಬರೆಸಿದ ರಾಜೀನಾಮೆ, ಅಣ್ಣನ ಕಣ್ಣು, ಎಲ್ಲವೂ ಆ ಒಂದು ಮಾತಿನೊಳಗೆ ಮಾಯವಾಗಿ, ಅಲ್ಲಿ ಉಳಿಯುತ್ತಿದ್ದವಳು ನಾನೊಬ್ಬಳೇ, ನನಗೆ ನಾನೇ ಮಾಡಿಕೊಂಡವಳಂತೆ.

ಹದಿನೈದು ದಿನಗಳಲ್ಲಿ ದೊರೆಸಾನಿಯ ಕಾಗದ ಬಂತು. ಇನ್ನು ಹತ್ತು ದಿನಕ್ಕೆ ರಾಯದುರ್ಗದಿಂದ ರೈಲು ಹತ್ತುತ್ತೇವೆ, ನಿಮ್ಮ ನಿರ್ಧಾರ ತಿಳಿಸಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ನನ್ನ ಕಾಗದಗಳನ್ನು ಅಂಚೆಯವನು ಅಣ್ಣನ ಕೈಗೇ ಕೊಡುತ್ತಿದ್ದ. ಉತ್ತರವನ್ನೂ ಅಣ್ಣನೇ ಇಂಗ್ಲಿಷಿನಲ್ಲಿ ಬರೆದು, ನನ್ನ ಕೈಯಿಂದ ನಕಲು ಮಾಡಿಸಿದ. 'ನಾನು ಸ್ವಂತ ಇಚ್ಛೆಯಿಂದ ತಾಯಿಯ ಬಳಿ ಉಳಿದುಕೊಂಡಿದ್ದೇನೆ' ಎಂಬುದು ಅದರ ಸಾರಾಂಶ.

"ಅವರ ಭಾಷೆಯಲ್ಲಿ ಒಂದು ಸಾಲು ಬರೀಲಾ ಅಣ್ಣಾ? ಗುರುಗಳಲ್ವಾ," ಎಂದೆ.

"ಏನಂತ ಬರೀತೀಯಾ?"

"ಮನೇಲಿ ಉಳ್ಕೊಂಡಿದೀನಿ ಅಂತ. ನೀನು ಬರೆದದ್ದೇ."

"ಎಲ್ಲಿ, ಆ ಪುಸ್ತಕ ತಗಂಬಾ."

ವಕೀಲನಾದ ಅವನು ಸುಮ್ಮನೆ ನಂಬುವವನಲ್ಲ. ನನ್ನ ಪಾಠದ ಪುಸ್ತಕದಲ್ಲಿ ಪ್ರತಿ ಸ್ಪ್ಯಾನಿಷ್ ಪದದ ಎದುರಿಗೆ ಕನ್ನಡದ ಅರ್ಥವಿತ್ತು. ನಾನು ಬಳಸುವ ಪದ ಯಾವುದೆಂದು ಕೇಳಿ, ಕೇದಾರ್ಸೆ, ಉಳಿದುಕೊಳ್ಳು, ಎಂಬ ಸಾಲಿನ ಮೇಲೆ ಬೆರಳಿಟ್ಟು ಕುಳಿತ. ಹೋಗಲು ಬಿಡುತ್ತಿಲ್ಲ ಎಂದು ಬರೆಯೋಣವೆಂದರೆ ಬಿಡು ಎಂಬುದರ ಅರ್ಥವೂ ಅದೇ ಪುಟದಲ್ಲಿ, ಅವನ ಬೆರಳಿನ ಕೆಳಗೇ ಇತ್ತು. ಅವನಿಗೆ ಕಾಣದಂತೆ ನಾನು ಬದಲಿಸಬಹುದಾಗಿದ್ದುದು ಒಂದೇ ಒಂದು, ಕ್ರಿಯಾಪದದ ತುದಿ. ಮೆ ಕೇದೊ ಎಂದರೆ ನಾನು ಉಳಿದುಕೊಳ್ಳುತ್ತೇನೆ. ಮೆ ಲಾವೊ ಇದ್ದದ್ದು ಮೆ ಲಾವನ್ ಆಗುವುದಾದರೆ, ಮೆ ಕೇದೊ ಇದ್ದದ್ದು ಮೆ ಕೇದನ್ ಆಗಬೇಕು: ಅವರು ನನ್ನನ್ನು ಉಳಿಸಿಕೊಳ್ಳುತ್ತಾರೆ. ನಾನು ಒತ್ತಿ, ಬಿಡಿಸಿ, ಮೆ ಕೇದನ್ ಎಂದು ಬರೆದೆ. ಅಣ್ಣ ಪುಸ್ತಕವನ್ನೂ ಕಾಗದವನ್ನೂ ಹೋಲಿಸಿ ನೋಡಿದ. ಮೊದಲ ಅಕ್ಷರಗಳು ಹೊಂದಿದವು. ಲಕೋಟೆ ಮುಚ್ಚಿದ.

ಆ ಹತ್ತು ದಿನ ನಾನು ಪ್ರತಿ ಗಾಡಿಯ ಸದ್ದಿಗೂ ಕಿಟಕಿಗೆ ಹೋಗಿದ್ದೇನೆ. ಆಕೆ ಬಂದು ಅಣ್ಣನೊಡನೆ ವಾದಿಸಬಹುದು. ಅಮಲ್ದಾರರಿಗಾದರೂ ಒಂದು ಮಾತು ಹೇಳಿಸಬಹುದು. ಆ ತುದಿಯನ್ನು ನನಗೆ ಕಲಿಸಿದವರೇ ಆಕೆ; ಓದಲಾರದೆ ಹೋಗುವುದುಂಟೇ? ಹತ್ತು ದಿನ ಕಳೆಯಿತು. ರೈಲು ಹೋಗಿರಬೇಕು. ಬೇಸಿಗೆ ಬಂತು.

ಮತ್ತೂ ಒಂದು ತಿಂಗಳ ಮೇಲೆ ಮದರಾಸಿನಿಂದ ಉತ್ತರ ಬಂತು. ಅಣ್ಣ ಒಡೆದು, ನಗುತ್ತಲೇ ನಡುಮನೆಗೆ ಬಂದ.

"ನೋಡೇ, ನಿನ್ನ ದೊರೆಸಾನಿ ನಿನ್ನ ತಪ್ಪು ಹಿಡಿದವ್ಳೆ!"

ಪಾಠದ ದಿನಗಳ ಪದ್ಧತಿಯಂತೆಯೇ ಆಕೆ ನನ್ನ ಸಾಲನ್ನು ಮತ್ತೆ ನಕಲು ಮಾಡಿ, ಕೇದನ್ ಎಂಬುದರ ತುದಿಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ಒಂದು ದುಂಡನೆಯ ಒಕಾರ ಬರೆದಿದ್ದರು. ಕೆಳಗೆ ಕನ್ನಡ ಅಕ್ಷರಗಳಲ್ಲಿ ಹೀಗಿತ್ತು: 'ತುದಿ ತಪ್ಪು. ಉಳಿದುಕೊಂಡವರು ನೀವೇ ಅಲ್ಲವೇ? ನನಗೆ ದುಃಖವಾಯಿತು. ಆದರೆ ನಿಮಗೆ ಬೇಕಾದುದನ್ನು ನೀವು ಆರಿಸಿಕೊಂಡಿರಿ. ಅದು ಸಂತೋಷ.' ಮುಂದಿನ ವಾರ ಹಡಗು ಹತ್ತುತ್ತೇವೆ, ಹೊಸ ವಿಳಾಸ ಇನ್ನೂ ತಿಳಿಯದು ಎಂದು ಕೊನೆಗೆ ಇಂಗ್ಲಿಷಿನಲ್ಲಿತ್ತು.

ಆರಿಸಿಕೊಂಡಿರಿ ಎಂಬಲ್ಲಿ ಆಕೆ ಕೊಳ್ಳುವನ್ನು ಎಷ್ಟು ಸರಿಯಾಗಿ ಬಳಸಿದ್ದರು! ನನ್ನ ವಾಕ್ಯ ನಿಜಕ್ಕೂ ಅವರ ಭಾಷೆಯಲ್ಲಿ ನಿಲ್ಲುತ್ತಿರಲಿಲ್ಲವೆಂದು ಬಹಳ ವರ್ಷಗಳ ಮೇಲೆ ಒಂದು ವ್ಯಾಕರಣ ನೋಡಿ ತಿಳಿದೆ. ಆ ಕ್ರಿಯೆಗೆ ಆ ತುದಿ ಹಚ್ಚಿದರೆ ಆ ಅರ್ಥ ಬಾರದು. ತೊಳೆಯುವುದನ್ನು ಬೇರೆಯವರು ನನಗೆ ಮಾಡಬಹುದು, ಮದುವೆಯನ್ನು ಮಾಡಬಹುದು. ಉಳಿಯುವುದನ್ನು ಮಾತ್ರ ನಾನೇ ಮಾಡಿಕೊಳ್ಳಬೇಕು. ಅಂದು ಇದು ನನಗೆ ತಿಳಿದಿರಲಿಲ್ಲ. ನಿಜವನ್ನು ಬರೆದೆನೆಂದೂ, ಅದನ್ನು ತಪ್ಪೆಂದು ಓದಿದರೆಂದೂ ಅಷ್ಟೇ ತಿಳಿಯಿತು.

"ಏನು ತಪ್ಪು ಮಾಡಿದ್ದೆ?" ಎಂದು ಅಣ್ಣ ಕೇಳಿದ. ಅವನ ದನಿಯಲ್ಲಿ ಹಗೆಯಿರಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನೊಡನೆ ಹಗುರವಾಗಿ ಮಾತಾಡುತ್ತಿದ್ದ.

"ತುದಿಯ ಅಕ್ಷರ."

"ಅಷ್ಟು ದಿನ ಕಲ್ತು ಒಂದಕ್ಷರ ಬರಲ್ವಾ? ತಿದ್ಕೋ ಮತ್ತೆ."

ಅವನು ಅಲ್ಲಿಯೇ ನಿಂತಿದ್ದ. ತಿದ್ದದಿದ್ದರೆ ಏಕೆಂದು ಕೇಳುತ್ತಾನೆ, ಕೇಳಿದರೆ ನಾನು ಬರೆದದ್ದರ ಅರ್ಥ ಹೊರಬೀಳುತ್ತದೆ. 'ಮೆ ಕೇದೊ', ನಾನು ಉಳಿದುಕೊಳ್ಳುತ್ತೇನೆ, ಎಂದು ಬರೆದು ತೋರಿಸಿದೆ.